ಕಾಶವ್ವನ ಮುಪ್ಪು

ಗಂಡನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಮಂದಾಕಿನಿ ಹಾಲು ಕಾಯಿಸುತ್ತಿದ್ದಾಗ ಪಕ್ಕದ ಮನೆಯ ಕಾಶವ್ವ ಬಂದಳು. ಎಪ್ಪತ್ತು ದಾಟಿದ್ದರೂ ಈಗ ಹದಿಹರೆಯದ ಹುಡುಗಿಯಂತೆ ಕಾಣುತ್ತಿದ್ದಳು. ಮೊಮ್ಮಗಳ ಮದುವೆಯಲ್ಲಿ ಕುಣಿಯಲು ಅವಳು ತನ್ನ ಮುಪ್ಪನ್ನು ಕಳಚಿದ್ದಳು. ಕಳಚಿದ ಮುಪ್ಪನ್ನು ನೆರೆಯವರು ಹೊದ್ದು ಬೆಚ್ಚಗಿಡುವುದು ಆ ಓಣಿಯ ವಾಡಿಕೆ. ಮಂದಾಕಿನಿಯ ಗಂಡ ವಿರೂಪಾಕ್ಷ ಅದನ್ನು ಎರವಲು ತಂದು, ಹೊದ್ದು, ಹೆಂಡತಿಯೆದುರು ಕೆಮ್ಮುತ್ತ ನಡೆದು ನಗಿಸಿದ್ದ. ಮೊನ್ನೆ ಅದನ್ನು ಗೂಟಕ್ಕೆ ಹಾಕಿ ಪೇಟೆಗೆ ಹೋದವನ ಮೇಲೆ ಬಸ್ಸು ಹರಿದಿತ್ತು.

“ನನ್ನ ಮುಪ್ಪು ಕೊಡ ತಂಗಿ. ಅದಿಲ್ದ ನನಗ ಸಾವ ಬರೂದಿಲ್ಲ. ನಮ್ಮ ಮುದುಕ ಇನ್ನ ಭಾಳ ದಿನ ಇರೂದಿಲ್ಲ. ನಿನ್ನೆ ನನ್ನ ನೋಡಿ, ‘ಯಾರ ಮಗಳವ್ವಾ ನೀ?’ ಅಂದ.”

“ಇನ್ನೊಂದಿನ ಇರ್ಲಿ ದೊಡ್ಡವ್ವಾ. ನಮ್ಮನಿಯವರು ಮುದುಕರಾಗಿದ್ದನ್ನ ನಾ ನೋಡಿದ್ದು ಇದ್ರಾಗಷ್ಟ.”

ಕಾಶವ್ವ ಪಕ್ಕದಲ್ಲೇ ಕುಳಿತಳು. ಆಚೆ ಮನೆಯಿಂದ ಮುದುಕನ ದನಿ ಕೇಳಿತು: “ಕಾಶೀ, ಎಲ್ಲಿ ಹೋದಿ?”

ಮಂದಾಕಿನಿ ಎದ್ದು ಮುಪ್ಪನ್ನು ಗೂಟದಿಂದ ಇಳಿಸಿದಳು. ಗಂಡನ ಭುಜಕ್ಕೆ ಹಿಗ್ಗಿದ್ದ ಜಾಗವನ್ನು ಒಮ್ಮೆ ಕೆನ್ನೆಗೊತ್ತಿಕೊಂಡು, ತಾನೇ ಕಾಶವ್ವನಿಗೆ ಹೊದಿಸಿದಳು. ಕೂದಲು ಬೆಳ್ಳಗಾಯಿತು, ಬೆನ್ನು ಬಾಗಿತು. ಹೊಸ್ತಿಲು ದಾಟುವಾಗ ಮುದುಕಿಗೆ ಮಂದಾಕಿನಿ ಕೈಯಾಸರೆ ಕೊಟ್ಟಳು.