ಹೂ ಮುಡಿದ ಸಾಕ್ಷ್ಯ

ಮೂಕಯ್ಯ ಸಸಿಮಡಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಅಂಟುಮಣ್ಣಿನಲ್ಲಿ ಮೂಡಿದ್ದ ಗೊರಸಿನ ಗುರುತನ್ನು ಹೆಂಟೆ ಸಮೇತ ಎಬ್ಬಿಸಿ ಮೊರದಲ್ಲಿಟ್ಟ. ಗೊರಸಿನ ಅಂಚಿನಲ್ಲಿ ಒಡೆದ ಸೀಳೊಂದು. ಪಕ್ಕದ ಹೊಲದ ಅಳಗರನ ಹೋರಿಯದೇ, ಸಂಶಯವಿಲ್ಲ. ಭತ್ತದ ಪೈರನ್ನೆಲ್ಲ ಮೇಯ್ದು, ಉಂಡದ್ದಕ್ಕೆ ರಸೀದಿ ಕೊಟ್ಟಂತೆ ಸಗಣಿ ಹಾಕಿ ಹೋಗಿತ್ತು. ಅಳಗರ್ ತನ್ನ ಮಡಿಯಿಂದ ಪೈರು ಕೊಡದಿದ್ದರೆ ಈ ಸಲ ಮೂಕಯ್ಯನ ಗದ್ದೆ ಬೀಳು.

ಸಾಕ್ಷ್ಯ ಅಣಿಗೊಳಿಸಿದವಳು ಹೆಂಡತಿ ಪಿಚ್ಚೈಯಮ್ಮಾಳ್. ದನವನ್ನೇ ದೈವವೆಂದು ನಂಬಿದ ಕುಲ; ಸಗಣಿಯನ್ನು ಬರೀ ಮೊರದಲ್ಲಿ ಹೊತ್ತೊಯ್ಯಲು ಅವಳ ಮನಸ್ಸು ಒಪ್ಪಲಿಲ್ಲ. ಹಿತ್ತಾಳೆ ತಟ್ಟೆ, ಬಾಳೆಲೆ, ಸಗಣಿಯ ನೆತ್ತಿಗೊಂದು ಕುಂಬಳದ ಹೂ.

"ಏನೇ ಇದು, ವ್ಯಾಜ್ಯವಾ, ಪೊಂಗಲ್ಲಾ?"

"ಮುನ್ಸೀಪಯ್ಯನ ಮುಂದೆ ಇಕ್ಕೋದು ಮಾಮಾ. ಚಂದಾಗಿ ಇರ್ಬೇಡ್ವಾ?"

ಗ್ರಾಮ ಮುನ್ಸೀಫರು ಜಗಲಿಯ ಮೇಲೆ ಕೂತು ತಟ್ಟೆಯನ್ನು ನೋಡಿದರು. ಅಳಗರನೂ ನೋಡಿದ. ಆ ಕಿಲಾಡಿಗೆ ಅಷ್ಟೇ ಸಾಕಾಯಿತು.

"ಅಯ್ಯಾ, ನನ್ನ ಹೋರಿ ಸಗಣಿಗೆ ಯಾರಾನ ಹೂ ಮಡಗ್ತಾರಾ? ಇದು ಸಾಮಿ ಮಂದೆ ಬಸವ ಮೇಯ್ದದ್ದು. ಇವರ್ಗೂ ಗೊತ್ತು, ಅದ್ಕೇ ಪೂಜೆ ಮಾಡಿ ತಂದವ್ರೆ!" ಎಂದವನೇ ಚಿಟಿಕೆ ಸಗಣಿ ತೆಗೆದು ಪರಮ ಭಕ್ತಿಯಿಂದ ಹಣೆಗೆ ಬಳಿದುಕೊಂಡ.

ದೇವರಿಗೆ ಬಿಟ್ಟ ಬಸವ ಮೇಯ್ದರೆ ಅದು ನಷ್ಟವಲ್ಲ, ಪುಣ್ಯ. ಮುನ್ಸೀಫರು ಗಡಬಡಿಸಿ ಎದ್ದು, ಚಪ್ಪಲಿ ಕಳಚಿ, ತಾವೂ ಬಳಿದುಕೊಂಡರು. ನ್ಯಾಯ ನೋಡಲು ಬಂದವರೆಲ್ಲ ಸಾಲು ನಿಂತರು. ಮೂಕಯ್ಯನಿಗೆ ಅಳುವೇ ಬಂತು. ಕಣ್ಣೆದುರೇ ಅವನ ಸಾಕ್ಷ್ಯ ಊರವರ ಹಣೆಗಳಿಗೆ ಹಂಚಿಹೋಗುತ್ತಿತ್ತು, ಬೇಡವೆಂದರೆ ದೈವದ್ರೋಹ. ತನ್ನ ಪಾಲಿನದನ್ನು ತಾನೂ ಬಳಿದುಕೊಂಡ.

"ಪುಣ್ಯವಂತನಪ್ಪಾ ನೀನು," ಎಂದರು ಮುನ್ಸೀಫರು. "ವ್ಯಾಜ್ಯ ವಜಾ."

ಪಿಚ್ಚೈಯಮ್ಮಾಳ್ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೊರಸಿನ ಹೆಂಟೆಯಿದ್ದ ಮೊರವನ್ನು ಮುಂದೆ ತಳ್ಳಿದಳು. "ಹಂಗೇ ಆಗ್ಲಿ ಅಯ್ಯಾ. ಆದ್ರೆ ಈ ಸೀಳು ಗೊರಸಿನ ಬಸವ ಅಳಗರಣ್ಣನ ಕೊಟ್ಟಿಗೇಲಿ ಕಟ್ಟಾಕವ್ರೆ. ಸಾಮಿ ಬಸವನ್ನ ಏರಿಗೆ ಹೂಡೋದು ಪಾಪ ಅಲ್ವಾ? ಇವತ್ತೇ ಬಿಚ್ಚಿ ಮಂದೆಗೆ ಹೊಡೀರಿ."

ಹೌದು ಹೌದು ಎಂದವು ಸಗಣಿ ಬಳಿದ ಹಣೆಗಳು. ಇಬ್ಬರು ಆಗಲೇ ಕೊಟ್ಟಿಗೆಯ ಕಡೆ ಹೊರಟಿದ್ದರು.

ಅಳಗರ್ ಹೆಗಲ ವಸ್ತ್ರದ ತುದಿಯಿಂದ ಮೆಲ್ಲಗೆ ಹಣೆ ಒರೆಸಿಕೊಂಡ.

"ತಂಗಚ್ಚೀ, ಪೈರು ಎಷ್ಟು ಕಟ್ಟು ಬೇಕಮ್ಮಾ?"