ಹಲಗೆಯ ಮೇಲೆ ಹನ್ನೆರಡು ಎಣಿಕೆ

ಹೊಸ ಚರ್ಮದ ವಾಸನೆ ಬಂದರೆ ನನಗೆ ಇವತ್ತಿಗೂ ಸೌದಿಯ ಅಲ್ ಖೋಬರಿನ ಒಂದು ಮಧ್ಯಾಹ್ನ ನೆನಪಾಗುತ್ತದೆ. ಎದುರು ಫ್ಲ್ಯಾಟಿನ ಸ್ಪೇನಿನ ಆಂಟಿ, ಅಟ್ಟೆಗೆ ಮೊಳೆ ಹೊಡೆದ ಕೆಂಪು ಬೂಟು ತೊಡಿಸಿ ನನಗೆ ಹಲಗೆಯ ಮೇಲೆ ತಮ್ಮೂರಿನ ಫ್ಲಮೆಂಕೊ ಕುಣಿತ ಕಲಿಸುತ್ತಿದ್ದರು. ಹನ್ನೆರಡು ಎಣಿಕೆ, ಜೊತೆಗೆ ಚಪ್ಪಾಳೆ. ನನ್ನ ಎದೆಯೂ ಅದೇ ಲೆಕ್ಕಕ್ಕೆ ಹೊಡೆದುಕೊಳ್ಳುತ್ತಿತ್ತು.

ಸದ್ದು ಕೇಳಿ ಅಮ್ಮ ಓಡಿಬಂದಳು. "ಎಂತ ಮಾರಾಯ್ತಿ ಇದು? ಕೆಳಗಿನವರು ಬೈತಾರೆ!"

ಆಂಟಿ ನಕ್ಕರು. "ಈ ಕುಣಿತ ಬೆಳೆಸಿದ ಜಿಪ್ಸಿಗಳ ಹಿರಿಯರು ನಿಮ್ಮ ದೇಶದಿಂದ ಹೊರಟವರು. ದಾರಿಯುದ್ದಕ್ಕೂ ಏನೇನೋ ಸೇರಿತು, ಸ್ಪೇನಿನಲ್ಲಿ ಅರಬರ ಹಾಡೂ ಸೇರಿತು."

"ನಮ್ಮಲ್ಲಿಂದ ಹೋದವರಾ?" ಅಮ್ಮ ದುಪಟ್ಟಾ ಸೊಂಟಕ್ಕೆ ಬಿಗಿದು ಬರಿಗಾಲಲ್ಲೇ ಹಲಗೆ ಹತ್ತಿದಳು. ಆಂಟಿಯ ಚಪ್ಪಾಳೆಗೆ ಕುಣಿದಳು, ಒಂದು ಹೆಜ್ಜೆಯೂ ತಪ್ಪಲಿಲ್ಲ.

"ಅಮ್ಮಾ, ನಿಂಗೆ ಕುಣೀಲಿಕ್ಕೆ ಬರ್ತದಾ?" ನಾನು ಕಿರುಚಿದೆ.

"ಸಣ್ಣದಿರುವಾಗ ಭರತನಾಟ್ಯ ಕಲಿತಿದ್ದೆ. ಇಷ್ಟು ವರ್ಷ ಯಾರೂ ಕೇಳ್ಲಿಲ್ಲ ಮಗಾ," ಎಂದು ಏದುಸಿರಿನಲ್ಲೇ ನಕ್ಕಳು. "ನೀನು ಲೆಕ್ಕ ಹೇಳು!"