ಗೆಳತಿಗೆ ನೆನೆಸಿದ ಅವಲಕ್ಕಿ

ಏಲಕ್ಕಿ ಹಾಕಿದ ಸಿಹಿ ಅವಲಕ್ಕಿಯ ವಾಸನೆ ಬಂದರೆ ಈಗಲೂ ನನಗೆ ಅಜ್ಜಿ ನೆನಪಾಗುತ್ತಾಳೆ.

ಅಜ್ಜಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಬೆಟಗೇರಿಯಲ್ಲಿ ಆಯಿಯ ಪಕ್ಕದ ಮನೆ ಗೆಳತಿ ರಿಬ್ಕಾ, ಯಹೂದಿಗಳ ಹುಡುಗಿ. ಹರೆಯದಲ್ಲೇ ಮನೆಮಂದಿಯ ಜೊತೆ ಇಸ್ರೇಲಿಗೆ ಹೋದವಳು. ನಾನು ಸಣ್ಣವಳಿದ್ದಾಗ ಒಂದು ಬೇಸಿಗೆಯಲ್ಲಿ, ಹಿರಿಯರ ಊರು ನೋಡಲು ಬಂದ ಯಹೂದಿ ಹುಡುಗ ಹುಡುಗಿಯರ ಬಸ್ಸು ನಮ್ಮ ಓಣಿಗೆ ಬಂತು. ರಿಬ್ಕಾಳ ಮನೆಯವರೂ ಬರುತ್ತಾರೆಂದು ಮೊದಲೇ ಖಬರ ಸಿಕ್ಕಿತ್ತು. ಆಯಿ ಬೆಳಗಿನಿಂದ ಅವಲಕ್ಕಿ ನೆನೆಸಿ, ಹಸಿಕೊಬ್ಬರಿ ತುರಿದು, ಅವರ ಹಬ್ಬದ ಸಿಹಿ ಮಾಡಿಟ್ಟು ಕಾಯುತ್ತಿದ್ದಳು.

ರಿಬ್ಕಾಳ ಮನೆಯವರಲ್ಲಿ ಇಳಿದವಳು ಅವಳ ಮೊಮ್ಮಗಳು ಒಬ್ಬಳೇ.

"ನಿಮ್ಮ ಆಯಿ ಬಸ್ಸಿನ್ಯಾಗ ಕುಂತಾಳೇನು? ಕೈ ಹಿಡಿದು ಇಳಸ್ರಿ," ಅಂದಳು ಆಯಿ.

ಜೊತೆಗೆ ಬಂದಿದ್ದ ಧಾರವಾಡದ ಗೈಡು ತಲೆ ತಗ್ಗಿಸಿದ. "ಹ್ವಾದ ವರ್ಷ ತೀರ್ಕೊಂಡಾರಂತ್ರೀ, ಅಮ್ಮಾ."

"ಸುಳ್ಳು ಹೇಳಬ್ಯಾಡ. ಅಕಿ ಹೋಗೂಮುಂದ ನನಗ ಬರ್ತೀನಿ ಅಂದಾಳ."

ಆಯಿ ತಾನೇ ಆ ಹುಡುಗಿಗೆ ತುತ್ತು ಮಾಡಿ ಉಣಿಸಿದಳು. ಬಸ್ಸು ಹಾರ್ನ್ ಹೊಡೆಯಿತು. ಹುಡುಗಿ ಆಯಿಯನ್ನು ತಬ್ಬಿಕೊಂಡು, ಅವಳಜ್ಜಿ ಕಲಿಸಿದ್ದ ಒಂದೇ ಕನ್ನಡ ಮಾತನ್ನು ತಡವರಿಸುತ್ತ ಹೇಳಿದಳು. "ಬರ್ತೀನಿ."

ಆಯಿ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು.

"ಬ್ಯಾಡ ನನ್ನವ್ವಾ. ನೀನರ ಹೋಗ್ತೀನಿ ಅನ್ನು."